ರೋಗನಿರೋಧಕ ಶಕ್ತಿಗೂ ಬ್ರೇಕ್ ಬೇಕು: ಪಿಡಿ-1 ಪ್ರೋಟೀನ್ ಮತ್ತು ನಮ್ಮ ಹೃದಯ



ಈ ಮಾಲಿಕೆಯಲ್ಲಿ ನಾವು ಬಿಪಿ, ಕೊಲೆಸ್ಟರಾಲ್, ಎದೆನೋವು, ಸ್ಟೆಂಟ್ ಎಂದು ಮಾತಾಡುತ್ತಾ ಬಂದಿದ್ದೇವೆ. ಇವತ್ತಿನ ವಿಷಯ ಸ್ವಲ್ಪ ಬೇರೆ. ಪಿಡಿ-1 ಎಂಬ ಒಂದು ಪ್ರೋಟೀನ್. ಅದು ನಿಮ್ಮ ಮೈಯಲ್ಲೂ ಇದೆ, ನನ್ನ ಮೈಯಲ್ಲೂ ಇದೆ. ಅದೇ ಪ್ರೋಟೀನನ್ನು ಪ್ರಯೋಗಾಲಯದಲ್ಲೂ ತಯಾರಿಸುತ್ತಾರೆ. ಚಿಟಿಕೆಯಷ್ಟೂ ಇಲ್ಲದ ಬಿಳಿ ಪುಡಿಯಾಗಿ ಅದು ಪುಟ್ಟ ಬಾಟಲಿಯಲ್ಲಿ ಸಂಶೋಧಕರ ಕೈಗೆ ಬರುತ್ತದೆ.

"ಡಾಕ್ಟ್ರೇ, ಇದು ನಮಗೇಕೆ?" ಎಂದು ಕೇಳುತ್ತೀರಿ. ಎರಡು ಕಾರಣ ಇದೆ. ಒಂದು, ನಿಮ್ಮ ಬಂಧುಬಳಗದಲ್ಲಿ ಯಾರಿಗಾದರೂ ಕ್ಯಾನ್ಸರ್ ಬಂದಿದ್ದರೆ "ಇಮ್ಯುನೋಥೆರಪಿ" ಎಂಬ ಪದ ಈಗಾಗಲೇ ಕಿವಿಗೆ ಬಿದ್ದಿರುತ್ತದೆ. ಆ ಚಿಕಿತ್ಸೆಯ ಬೇರು ಈ ಪ್ರೋಟೀನಿನಲ್ಲಿದೆ. ಎರಡು, ಆ ಚಿಕಿತ್ಸೆಯ ಅತ್ಯಂತ ಅಪಾಯಕಾರಿ ಅಡ್ಡಪರಿಣಾಮ ಒಂದು ಬಂದು ಬೀಳುವುದು ನನ್ನ ವಿಭಾಗಕ್ಕೆ, ಅಂದರೆ ಹೃದಯಕ್ಕೆ. ಅದನ್ನು ಮೊದಲು ಗಮನಿಸಬೇಕಾದವರು ಮನೆಯವರು.

*ಇಮ್ಯುನಿಟಿ ಜಾಸ್ತಿ ಇದ್ದಷ್ಟೂ ಒಳ್ಳೆಯದೇ?*

ಕೋವಿಡ್ ಬಂದ ಮೇಲೆ "ಇಮ್ಯುನಿಟಿ ಬೂಸ್ಟರ್" ಎಂಬ ಮಾತು ಮನೆಮಾತಾಯಿತು. ಕಷಾಯ, ಮಾತ್ರೆ, ಪುಡಿ, ಜ್ಯೂಸ್, ಎಲ್ಲದರ ಮೇಲೂ ಅದೇ ಹೆಸರು. ರೋಗನಿರೋಧಕ ಶಕ್ತಿ ಎಂದರೆ ಬ್ಯಾಂಕಿನಲ್ಲಿಟ್ಟ ಹಣದ ಹಾಗೆ, ಹೆಚ್ಚಿದಷ್ಟೂ ಒಳ್ಳೆಯದು ಎಂದು ನಾವು ತಿಳಿದುಕೊಂಡಿದ್ದೇವೆ. ಇದು ಪೂರ್ತಿ ಸರಿಯಲ್ಲ.

ಮುಂಬೈಯಿಂದ ಪುಣೆಗೆ ಹೋಗುವವರು ಖಂಡಾಲಾ ಘಾಟ್ ನೋಡಿರುತ್ತೀರಿ. ಮಂಗಳೂರು ಕಡೆಯವರಿಗೆ ಚಾರ್ಮಾಡಿ, ಆಗುಂಬೆ ಗೊತ್ತು. ತುಂಬಿದ ಲಾರಿ ಘಾಟ್ ಹತ್ತಲು ಎಂಜಿನ್ ಬೇಕು, ನಿಜ. ಆದರೆ ಇಳಿಯುವಾಗ ಎಂಜಿನ್ನಿಗಿಂತ ಮುಖ್ಯ ಬ್ರೇಕ್. ಬ್ರೇಕ್ ಹಿಡಿಯದಿದ್ದರೆ ಎದುರಿಗೆ ಬರುವವರಿಗೂ ಅಪಾಯ, ಲಾರಿಗೂ ಅಪಾಯ.

ನಮ್ಮ ರಕ್ತದಲ್ಲಿ ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿವೆ. ವೈರಸ್ ಹೊಕ್ಕ ಕೋಶಗಳನ್ನು, ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲುವುದು ಇವುಗಳ ಕೆಲಸ. ಕೆಲಸ ಮುಗಿದ ಮೇಲೆ ಇವು ನಿಲ್ಲಬೇಕು. ನಿಲ್ಲದಿದ್ದರೆ ನಮ್ಮದೇ ಕೀಲು, ಥೈರಾಯ್ಡ್, ಕರುಳು, ಹೃದಯವನ್ನು ಶತ್ರು ಎಂದು ತಿಳಿದು ಹೊಡೆಯುತ್ತವೆ. ನಿಲ್ಲಿಸುವ ಬ್ರೇಕುಗಳಲ್ಲಿ ಒಂದು ಪಿಡಿ-1.

ಇದು ಟಿ ಕೋಶದ ಮೈಮೇಲೆ ಚಾಚಿಕೊಂಡಿರುವ ಒಂದು ರಿಸೆಪ್ಟರ್. ರಿಸೆಪ್ಟರ್ ಎಂದರೆ ಬೀಗದ ಹಾಗೆ. ಅದಕ್ಕೆ ಹೊಂದುವ ಕೀಲಿಕೈ ಬಂದು ಕೂತಾಗ ಮಾತ್ರ ಒಳಗೆ ಸಂದೇಶ ಹೋಗುತ್ತದೆ. ಪಿಡಿ-1ರ ಮುಖ್ಯ ಕೀಲಿಕೈಯ ಹೆಸರು ಪಿಡಿ-ಎಲ್1. ನಮ್ಮ ಅನೇಕ ಅಂಗಗಳ ಕೋಶಗಳು ಉರಿಯೂತದ ಸಮಯದಲ್ಲಿ ಈ ಕೀಲಿಕೈಯನ್ನು ಹೊರಗೆ ಹಿಡಿದು ತೋರಿಸುತ್ತವೆ. "ನಾನು ನಿಮ್ಮವನೇ, ಸಾಕು ನಿಲ್ಲಿಸು" ಎಂದ ಹಾಗೆ. ಟಿ ಕೋಶ ಶಾಂತವಾಗುತ್ತದೆ.

*ಜಪಾನಿನ ಇಲಿಗಳು ಹೇಳಿದ ಸತ್ಯ*

ಪಿಡಿ-1 ಅನ್ನು 1992ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ತಸುಕು ಹೊಂಜೊ ಅವರ ತಂಡ ಕಂಡುಹಿಡಿಯಿತು. ಅವರು ಹುಡುಕುತ್ತಿದ್ದದ್ದು ಕೋಶಗಳ ಸಾವಿಗೆ ಸಂಬಂಧಿಸಿದ ಜೀನ್. ಹಾಗಾಗಿ ಹೆಸರಿನಲ್ಲೇ "ಡೆತ್" ಸೇರಿಕೊಂಡಿತು. ಅದರ ನಿಜವಾದ ಕೆಲಸ ಏನೆಂದು ತಿಳಿಯಲು ಇನ್ನೂ ಕೆಲವು ವರ್ಷ ಬೇಕಾಯಿತು.

ತಿಳಿದದ್ದು ಹೇಗೆ? ಈ ಜೀನ್ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದರು. 1999ರಲ್ಲಿ ಪ್ರಕಟವಾದ ಕೆಲಸದಲ್ಲಿ, ಅಂಥ ಇಲಿಗಳಿಗೆ ವಯಸ್ಸಾಗುತ್ತಾ ಕೀಲುವಾತ ಮತ್ತು ಮೂತ್ರಪಿಂಡದ ಉರಿಯೂತ ಬಂದವು. 2001ರಲ್ಲಿ ಇನ್ನೊಂದು ತಳಿಯ ಇಲಿಗಳಲ್ಲಿ ನೋಡಿದಾಗ ಕಂಡದ್ದು ಹೃದಯದ ಕಾಯಿಲೆ. ಹೃದಯ ಹಿಗ್ಗಿ, ಗೋಡೆ ತೆಳುವಾಗಿ, ಪಂಪ್ ಮಾಡುವ ಶಕ್ತಿ ಕುಂದಿತ್ತು. ನಾವು ಇದನ್ನು ಡೈಲೇಟೆಡ್ ಕಾರ್ಡಿಯೋಮಯೋಪತಿ ಎನ್ನುತ್ತೇವೆ. 2003ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಆ ಇಲಿಗಳ ರಕ್ತದಲ್ಲಿ ತಮ್ಮದೇ ಹೃದಯದ ಟ್ರೊಪೊನಿನ್ ಐ ಎಂಬ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳಿದ್ದವು.

ಟ್ರೊಪೊನಿನ್ ಹೆಸರು ನಿಮಗೆ ಹೊಸದಲ್ಲ. ಎದೆನೋವು ಎಂದು ಎಮರ್ಜೆನ್ಸಿಗೆ ಹೋದಾಗ ಹಾರ್ಟ್ ಅಟ್ಯಾಕ್ ಹೌದೋ ಅಲ್ಲವೋ ಎಂದು ನೋಡಲು ಮಾಡುವ ರಕ್ತಪರೀಕ್ಷೆ ಇದೇ. ಈ ಹೆಸರನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಒಟ್ಟಿನಲ್ಲಿ ಇಲಿಗಳು ಹೇಳಿದ್ದು ಇಷ್ಟು: ಈ ಬ್ರೇಕ್ ಇಲ್ಲದಿದ್ದರೆ ರೋಗನಿರೋಧಕ ಶಕ್ತಿ ಹೃದಯದ ಮೇಲೇ ತಿರುಗಿ ಬೀಳಬಹುದು. ಆ ಎಚ್ಚರಿಕೆ ಮನುಷ್ಯರಿಗೆ ಔಷಧ ಬರುವುದಕ್ಕೆ ಹತ್ತು ವರ್ಷಕ್ಕೂ ಮೊದಲೇ ಪುಸ್ತಕದಲ್ಲಿತ್ತು.

*ಕ್ಯಾನ್ಸರ್ ಮಾಡುವ ಮೋಸ*

ಕ್ಯಾನ್ಸರ್ ಕೋಶಗಳು ಜಾಣ. ಅವುಗಳಲ್ಲಿ ಹಲವು ತಾವೂ ಪಿಡಿ-ಎಲ್1 ಕೀಲಿಕೈಯನ್ನು ಮೈತುಂಬ ಹಚ್ಚಿಕೊಳ್ಳುತ್ತವೆ. ಟಿ ಕೋಶ ಹತ್ತಿರ ಬಂದಾಗ "ನಾನು ನಿಮ್ಮವನೇ" ಎನ್ನುತ್ತವೆ. ಬ್ರೇಕ್ ಬೀಳುತ್ತದೆ, ಟಿ ಕೋಶ ಸುಮ್ಮನಾಗುತ್ತದೆ, ಗಡ್ಡೆ ಬೆಳೆಯುತ್ತದೆ.

ಹಾಗಾದರೆ ಬೀಗಕ್ಕೆ ಕೀಲಿಕೈ ತಾಗದಂತೆ ಅಡ್ಡ ಏನಾದರೂ ಇಟ್ಟರೆ? ಈ ಯೋಚನೆಯಿಂದ ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಎಂಬ ಔಷಧಗಳು ಬಂದವು. ಇವು ಪ್ರತಿಕಾಯಗಳು. ಪಿಡಿ-1ರ ಮೇಲೆ ಕೂತು ಕೀಲಿಕೈಗೆ ಜಾಗ ಕೊಡುವುದಿಲ್ಲ. 2014ರಲ್ಲಿ ಅಮೆರಿಕದಲ್ಲಿ ಎರಡಕ್ಕೂ ಅನುಮತಿ ಸಿಕ್ಕಿತು. 2018ರಲ್ಲಿ ಹೊಂಜೊ ಅವರಿಗೂ, ಸಿಟಿಎಲ್‌ಎ-4 ಎಂಬ ಇನ್ನೊಂದು ಬ್ರೇಕಿನ ಮೇಲೆ ಕೆಲಸ ಮಾಡಿದ ಅಮೆರಿಕದ ಜೇಮ್ಸ್ ಆಲಿಸನ್ ಅವರಿಗೂ ವೈದ್ಯಶಾಸ್ತ್ರದ ನೊಬೆಲ್ ಬಂತು.

ಗಮನಿಸಿ, ಈ ಔಷಧ ಕೀಮೋದಂತೆ ಕ್ಯಾನ್ಸರನ್ನು ನೇರವಾಗಿ ಕೊಲ್ಲುವುದಿಲ್ಲ. ನಿಮ್ಮದೇ ಟಿ ಕೋಶದ ಬ್ರೇಕ್ ಬಿಡಿಸುತ್ತದೆ, ಅಷ್ಟೇ. ಅದರ ಲಾಭವೂ ಅಪಾಯವೂ ಇದೊಂದೇ ವಾಕ್ಯದಲ್ಲಿದೆ.

*ಲ್ಯಾಬ್‌ನ ಬಾಟಲಿಯಲ್ಲಿರುವುದು ಏನು?*

ಇಂಥ ಔಷಧ ಪಿಡಿ-1ಕ್ಕೆ ಸರಿಯಾಗಿ ಅಂಟುತ್ತದೆಯೇ ಎಂದು ನೋಡಬೇಕಾದರೆ ಮೊದಲು ಶುದ್ಧವಾದ ಪಿಡಿ-1 ಕೈಯಲ್ಲಿರಬೇಕು. ಅದೂ ಮನುಷ್ಯನದೇ ಆಗಬೇಕು. ಇಲಿಯ ಪಿಡಿ-1 ಹೋಲುತ್ತದೆಯೇ ಹೊರತು ಒಂದೇ ಅಲ್ಲ. ಹಾಗೆಂದು ರೋಗಿಗಳ ರಕ್ತದಿಂದ ಇದನ್ನು ಹಿಂಡಿ ತೆಗೆಯಲು ಆಗುವುದಿಲ್ಲ, ಅಷ್ಟು ಅಲ್ಪ ಪ್ರಮಾಣ. ಆದ್ದರಿಂದ ರಿಕಾಂಬಿನೆಂಟ್ ವಿಧಾನ.

ವಿಧಾನ ಹೀಗೆ. ಪಿಡಿ-1 ತಯಾರಿಸುವ ಸೂಚನೆ ನಮ್ಮ 2ನೇ ಕ್ರೋಮೋಸೋಮಿನ ಒಂದು ಜೀನಿನಲ್ಲಿದೆ. ಇಡೀ ಪ್ರೋಟೀನ್ 288 ಅಮೈನೋ ಆಮ್ಲಗಳ ಸರ. ಕೋಶದ ಹೊರಗೆ ಚಾಚಿರುವ ಭಾಗ ಅದರಲ್ಲಿ ಸುಮಾರು ಅರ್ಧ. ಕೀಲಿಕೈ ಕೂರುವುದು ಅಲ್ಲಿಯೇ. ಹಾಗಾಗಿ ಆ ಹೊರಭಾಗದ ಸೂಚನೆಯನ್ನು ಮಾತ್ರ ನಕಲು ಮಾಡಿ ಲ್ಯಾಬ್‌ನಲ್ಲಿ ಬೆಳೆಯುವ ಕೋಶಗಳೊಳಗೆ ಸೇರಿಸುತ್ತಾರೆ. ಇದಕ್ಕೆ ಹೆಚ್ಚಾಗಿ ಬಳಸುವುದು ಎಚ್‌ಇಕೆ-293 ಎಂಬ ಕೋಶಗಳು. 1970ರ ದಶಕದ ಆರಂಭದಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್ ನಗರದಲ್ಲಿ ಮಾನವ ಭ್ರೂಣದ ಮೂತ್ರಪಿಂಡದ ಕೋಶಗಳಿಂದ ಬೆಳೆಸಿದ ವಂಶ ಅದು. ಇಂದಿಗೂ ಜಗತ್ತಿನ ಲ್ಯಾಬ್‌ಗಳಲ್ಲಿ ಅದೇ ವಂಶ ಬೆಳೆಯುತ್ತಿದೆ.

ಬ್ಯಾಕ್ಟೀರಿಯಾ ಬಳಸಿದರೆ ಅಗ್ಗ ಅಲ್ಲವೇ? ಅಗ್ಗ. ಆದರೆ ಪಿಡಿ-1ರ ಮೇಲೆ ನಾಲ್ಕು ಕಡೆ ಸಕ್ಕರೆಯ ಸರಪಳಿ ಅಂಟಿರುತ್ತದೆ. ಸಾಮಾನ್ಯ ಬ್ಯಾಕ್ಟೀರಿಯಾಗಳಿಗೆ ಅದನ್ನು ನಮ್ಮ ಹಾಗೆ ಅಂಟಿಸಲು ಬರುವುದಿಲ್ಲ. ಮನುಷ್ಯನ ಕೋಶಕ್ಕೆ ಬರುತ್ತದೆ.

ಪ್ರೋಟೀನಿನ ತುದಿಗೆ ಒಂದು ಚಿಕ್ಕ ಬಾಲವನ್ನೂ ಜೋಡಿಸುತ್ತಾರೆ, ಹೆಚ್ಚಾಗಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಸಾಲಾಗಿ ಆರು. ಈ ಬಾಲ ನಿಕ್ಕಲ್ ಲೋಹಕ್ಕೆ ಅಂಟಿಕೊಳ್ಳುತ್ತದೆ. ಕೋಶಗಳು ಬೆಳೆದ ದ್ರವವನ್ನು ನಿಕ್ಕಲ್ ಇರುವ ಕೊಳವೆಯ ಮೂಲಕ ಹಾಯಿಸಿದರೆ ಬೇಡದ್ದೆಲ್ಲ ಹರಿದುಹೋಗಿ ನಮಗೆ ಬೇಕಾದ ಪ್ರೋಟೀನ್ ಉಳಿಯುತ್ತದೆ. ಅದನ್ನು ಶೈತ್ಯದಲ್ಲಿ ಒಣಗಿಸಿ ಫ್ರೀಜರಿನಲ್ಲಿ ಇಡುತ್ತಾರೆ. ಮಾರುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ. ತೂಕಕ್ಕೆ ತೂಕ ಚಿನ್ನಕ್ಕಿಂತ ಎಷ್ಟೋ ಪಾಲು ದುಬಾರಿ.

ಬಳಸುವುದು ಹೇಗೆ? ನಮ್ಮ ಪಡ್ಡಿನ ಹಂಚು ನೆನಪು ಮಾಡಿಕೊಳ್ಳಿ. ಅಂಥದ್ದೇ 96 ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ಗುಳಿಯ ತಳಕ್ಕೆ ಪಿಡಿ-1 ಲೇಪಿಸಿ, ಮೇಲೆ ಪರೀಕ್ಷಿಸಬೇಕಾದ ಔಷಧ ಹಾಕಿ, ತೊಳೆದು, ಬಣ್ಣ ಬರಿಸುವ ರಾಸಾಯನಿಕ ಹಾಕುತ್ತಾರೆ. ಔಷಧ ಅಂಟಿದ್ದರೆ ಬಣ್ಣ ಬರುತ್ತದೆ. ಜಾಸ್ತಿ ಅಂಟಿದ್ದರೆ ಗಾಢ ಬಣ್ಣ. ಔಷಧವನ್ನು ಮನುಷ್ಯರಿಗೆ ಕೊಡುವ ಮೊದಲು ಇಂಥ ನೂರಾರು ತಟ್ಟೆಗಳು ಬಣ್ಣ ತಿರುಗಿರುತ್ತವೆ.

*ಅದು ಔಷಧವಲ್ಲ, ತಿನ್ನುವ ಪ್ರೋಟೀನೂ ಅಲ್ಲ*

ಇಂಥ ಬಾಟಲಿಗಳ ಮೇಲೆ "ಸಂಶೋಧನೆಗೆ ಮಾತ್ರ" ಎಂದು ಬರೆದಿರುತ್ತದೆ. ಅದು ಬರೀ ಔಪಚಾರಿಕ ಸಾಲಲ್ಲ. ಮನುಷ್ಯರಿಗೆ ಚುಚ್ಚುವ ಔಷಧಕ್ಕೆ ಬೇಕಾದ ಶುದ್ಧತೆ, ಸುರಕ್ಷತೆ, ಡೋಸ್, ಯಾವುದನ್ನೂ ಅದರಲ್ಲಿ ಪರೀಕ್ಷಿಸಿರುವುದಿಲ್ಲ. ನೆಟ್‌ನಲ್ಲಿ ಹುಡುಕಿ "ಇಮ್ಯೂನ್ ಪ್ರೋಟೀನ್ ಸಿಗುತ್ತದಂತೆ, ತರಿಸಲೇ?" ಎಂದು ಯಾರಾದರೂ ಕೇಳಿದರೆ ಉತ್ತರ ಒಂದೇ: ಬೇಡ. ಬಾಯಿಂದ ತೆಗೆದುಕೊಂಡರೆ ಅದು ತೊಗರಿಬೇಳೆಯ ಪ್ರೋಟೀನಿನ ಹಾಗೆ ಜೀರ್ಣವಾಗಿ ಹೋಗುತ್ತದೆ. ಚುಚ್ಚಿಕೊಂಡರೆ ಪ್ರಾಣಕ್ಕೇ ಅಪಾಯ ಆಗಬಹುದು.

ಹಾಗೆಂದು ರಿಕಾಂಬಿನೆಂಟ್ ಎಂಬ ಪದಕ್ಕೆ ಹೆದರಬೇಡಿ. ನಿಮ್ಮ ಮನೆಯ ಫ್ರಿಜ್ಜಿನಲ್ಲಿರುವ ಇನ್ಸುಲಿನ್ ರಿಕಾಂಬಿನೆಂಟ್. 1982ರಿಂದ ಅದು ಬಳಕೆಯಲ್ಲಿದೆ. ಮಕ್ಕಳಿಗೆ ಹಾಕಿಸುವ ಹೆಪಟೈಟಿಸ್ ಬಿ ಲಸಿಕೆಯೂ ಹಾಗೆಯೇ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಅದನ್ನು ನಮ್ಮ ದೇಶದಲ್ಲೇ ತಯಾರಿಸಿ ಬಿಡುಗಡೆ ಮಾಡಿತು. ಸಂಧಿವಾತಕ್ಕೆ ಕೊಡುವ ಎಟನರ್ಸೆಪ್ಟ್ ಎಂಬ ಔಷಧವಂತೂ ಒಂದು ರೋಗನಿರೋಧಕ ರಿಸೆಪ್ಟರಿನ ಹೊರಭಾಗವನ್ನೇ ರಿಕಾಂಬಿನೆಂಟ್ ವಿಧಾನದಿಂದ ಮಾಡಿದ್ದು. ವ್ಯತ್ಯಾಸ ಇಷ್ಟೇ: ಇವು ವರ್ಷಗಟ್ಟಲೆ ಪರೀಕ್ಷೆ ದಾಟಿ ಬಂದವು. ಲ್ಯಾಬ್‌ನ ಬಾಟಲಿ ಆ ದಾರಿಯ ಮೊದಲ ಮೆಟ್ಟಿಲು.

*ಬ್ರೇಕ್ ಬಿಟ್ಟಾಗ ಹೃದಯಕ್ಕೆ ಏನಾಗಬಹುದು*

ಈಗ ಇವತ್ತಿನ ಮುಖ್ಯ ವಿಷಯ. 2016ರಲ್ಲಿ ಅಮೆರಿಕದ ವೈದ್ಯರು ಇಬ್ಬರು ರೋಗಿಗಳ ಬಗ್ಗೆ ಬರೆದರು. ಇಬ್ಬರಿಗೂ ಚರ್ಮದ ಮೆಲನೋಮಾ ಕ್ಯಾನ್ಸರ್. ಪಿಡಿ-1 ಮತ್ತು ಸಿಟಿಎಲ್‌ಎ-4, ಎರಡೂ ಬ್ರೇಕ್ ಬಿಡಿಸುವ ಔಷಧ ಒಟ್ಟಿಗೆ ಕೊಟ್ಟಿದ್ದರು. ಇಬ್ಬರೂ ಹೃದಯದ ಸ್ನಾಯುವಿನ ತೀವ್ರ ಉರಿಯೂತದಿಂದ, ಅಂದರೆ ಮಯೋಕಾರ್ಡೈಟಿಸ್‌ನಿಂದ ತೀರಿಕೊಂಡರು. ಅವರ ಹೃದಯದ ಸ್ನಾಯುವಿನೊಳಗೆ ಟಿ ಕೋಶಗಳು ನುಗ್ಗಿದ್ದವು. ಇಲಿಗಳು ಕೊಟ್ಟಿದ್ದ ಎಚ್ಚರಿಕೆ ಮನುಷ್ಯರಲ್ಲಿ ನಿಜವಾಯಿತು.

ಹೆದರಿ ಚಿಕಿತ್ಸೆ ಬಿಡಬೇಡಿ. ಇದು ಅಪರೂಪ. ಈ ಔಷಧ ಪಡೆದ ನೂರು ಜನರಲ್ಲಿ ಒಬ್ಬರಿಗೆ ಅಥವಾ ಅದಕ್ಕೂ ಕಡಿಮೆ. ಎರಡು ಔಷಧ ಒಟ್ಟಿಗೆ ಪಡೆದವರಲ್ಲಿ ಸ್ವಲ್ಪ ಹೆಚ್ಚು. ಆದರೆ ಬಂದಾಗ ಗಂಭೀರ. ಬಂದವರಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಜನ ಉಳಿದಿಲ್ಲ ಎಂದು ವರದಿಗಳು ಹೇಳುತ್ತವೆ. ಬಹುಪಾಲು ಮೊದಲ ಮೂರು ತಿಂಗಳಲ್ಲೇ, ಕೆಲವರಿಗೆ ಒಂದೆರಡು ಡೋಸ್ ಆದ ಕೂಡಲೇ ಬರುತ್ತದೆ. ಬೇಗ ಗುರುತಿಸಿದರೆ ಔಷಧ ನಿಲ್ಲಿಸಿ, ದೊಡ್ಡ ಪ್ರಮಾಣದ ಸ್ಟಿರಾಯ್ಡ್ ರಕ್ತನಾಳಕ್ಕೆ ಕೊಟ್ಟು ಉಳಿಸುವ ಅವಕಾಶ ಇದೆ. ಇಲ್ಲಿ ದಿನಗಳಲ್ಲ, ಗಂಟೆಗಳೇ ಲೆಕ್ಕ.

ಮನೆಯವರು ಗಮನಿಸಬೇಕಾದದ್ದು:

• ಹೊಸದಾಗಿ ಶುರುವಾದ ಉಬ್ಬಸ, ಮಲಗಿದರೆ ಉಸಿರು ಕಟ್ಟುವುದು
• ಎದೆನೋವು, ಎದೆ ಬಿಗಿತ, ಎದೆ ಡವಡವ
• ತಲೆ ತಿರುಗಿ ಬೀಳುವುದು, ನಾಡಿ ತೀರಾ ನಿಧಾನ ಆಗುವುದು
• ಕಾಲು ಊದುವುದು, ದಿಢೀರನೆ ವಿಪರೀತ ಸುಸ್ತು
• ಕಣ್ಣಿನ ರೆಪ್ಪೆ ಜೋಲುವುದು, ಎರಡೆರಡು ಕಾಣಿಸುವುದು, ನುಂಗಲು ಕಷ್ಟ, ತೊಡೆ ಭುಜಗಳ ಸ್ನಾಯು ನೋವು

ಕೊನೆಯ ಸಾಲು ಯಾಕೆ ಎನ್ನುತ್ತೀರಾ? ಹೃದಯವೂ ಸ್ನಾಯು ತಾನೇ. ಕಣ್ಣಿನ, ಗಂಟಲಿನ, ಕಾಲಿನ ಸ್ನಾಯುವಿನ ಮೇಲೆ ದಾಳಿ ಆಗುತ್ತಿದ್ದರೆ ಹೃದಯದ ಮೇಲೂ ಆಗುತ್ತಿರಬಹುದು. ರೆಪ್ಪೆ ಜೋತದ್ದನ್ನು "ನಿದ್ದೆ ಸಾಲದು" ಎಂದು ಬಿಟ್ಟುಬಿಡಬೇಡಿ.

ಪರೀಕ್ಷೆ ಕಷ್ಟದ್ದಲ್ಲ. ಮೊದಲು ಇಸಿಜಿ ಮತ್ತು ಟ್ರೊಪೊನಿನ್ ರಕ್ತಪರೀಕ್ಷೆ. ನಂತರ ಎಕೋ, ಬೇಕಾದರೆ ಹೃದಯದ ಎಂಆರ್‌ಐ. ಇಲಿಗಳಲ್ಲಿ ದಾಳಿಗೆ ಗುರಿಯಾಗಿದ್ದ ಅದೇ ಟ್ರೊಪೊನಿನ್ ಇಲ್ಲಿ ನಮಗೆ ಸುಳಿವು ಕೊಡುತ್ತದೆ. ಎಕೋ ನಾರ್ಮಲ್ ಬಂದ ಮಾತ್ರಕ್ಕೆ ಮಯೋಕಾರ್ಡೈಟಿಸ್ ಇಲ್ಲ ಎಂದು ಅಲ್ಲ. ಟ್ರೊಪೊನಿನ್ ಮಾಡಿಸಿದ್ದಾರೆಯೇ ಎಂದು ಕೇಳಿ.

*ನಮ್ಮಂಥ ಕುಟುಂಬಗಳಿಗೆ ಯಾಕೆ ಹೆಚ್ಚು ಮುಖ್ಯ*

ಇದು ದೊಡ್ಡವರ ದುಬಾರಿ ಚಿಕಿತ್ಸೆ ಎಂದುಕೊಳ್ಳಬೇಡಿ. ಮುಂಬೈ ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಬಾಯಿ, ಗಂಟಲು ಭಾಗದ ಮುಂದುವರಿದ ಕ್ಯಾನ್ಸರ್ ಇದ್ದವರಿಗೆ ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನಿವೊಲುಮ್ಯಾಬ್ ಕೊಟ್ಟು ನೋಡಿದರು. ಸಾಮಾನ್ಯ ಡೋಸ್ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಬರೀ ಮಾತ್ರೆ ಪಡೆದವರಲ್ಲಿ ಒಂದು ವರ್ಷದ ಬಳಿಕ ಬದುಕಿದ್ದವರು ಶೇ. 16.3. ಔಷಧ ಸೇರಿಸಿದಾಗ ಶೇ. 43.4. ಗುಟ್ಕಾ, ತಂಬಾಕಿನಿಂದ ಬಾಯಿ ಕ್ಯಾನ್ಸರ್ ಇಷ್ಟೊಂದು ಇರುವ ನಮ್ಮ ದೇಶಕ್ಕೆ ಇದು ದೊಡ್ಡ ಸುದ್ದಿ. ಇನ್ನು ಮುಂದೆ ನಮ್ಮ ನಿಮ್ಮ ಮನೆಗಳಲ್ಲೂ ಈ ಔಷಧದ ಹೆಸರು ಹೆಚ್ಚು ಕೇಳಿಸಲಿದೆ. ಆದರೆ ಡೋಸ್ ಕಡಿಮೆ ಎಂದು ಎಚ್ಚರಿಕೆ ಕಡಿಮೆ ಮಾಡುವಂತಿಲ್ಲ.

ನಮ್ಮಲ್ಲಿ ಆಗುವುದು ಹೀಗೆ. ಊರಿಂದ ಅಪ್ಪನೋ ದೊಡ್ಡಮ್ಮನೋ ಚಿಕಿತ್ಸೆಗೆಂದು ಮುಂಬೈಗೋ ಪುಣೆಗೋ ಮಕ್ಕಳ ಮನೆಗೆ ಬರುತ್ತಾರೆ. ಇಂಜೆಕ್ಷನ್ ಆಗುತ್ತದೆ. ಎರಡು ದಿನ ಇದ್ದು "ಇಲ್ಲಿ ಬೇಜಾರು, ಭಾಷೆಯೂ ಬಾರದು" ಎಂದು ಊರಿಗೆ ಹೊರಡುತ್ತಾರೆ. ಹದಿನೈದು ದಿನಕ್ಕೆ ಹಾವೇರಿಯಲ್ಲೋ ವಿಜಯಪುರದ ಹಳ್ಳಿಯಲ್ಲೋ ಉಬ್ಬಸ ಶುರು. ಹತ್ತಿರದ ಕ್ಲಿನಿಕ್ಕಿನಲ್ಲಿ "ಕೀಮೋ ಆಗಿದೆ" ಎನ್ನುತ್ತಾರೆ. ಆ ವೈದ್ಯರಿಗೆ ಇಮ್ಯುನೋಥೆರಪಿ ಎಂದು ತಿಳಿಯುವುದೇ ಇಲ್ಲ. ಗ್ಯಾಸ್ ಮಾತ್ರೆ, ಟಾನಿಕ್ ಸಿಗುತ್ತದೆ. ಫೋನಿನಲ್ಲಿ ಮಕ್ಕಳಿಗೆ "ಸ್ವಲ್ಪ ಸುಸ್ತು, ಏನಿಲ್ಲ" ಎಂಬ ಉತ್ತರ. ಅಪಾಯ ಇರುವುದು ಈ "ಏನಿಲ್ಲ"ದಲ್ಲಿ.

ಆದ್ದರಿಂದ ಇಷ್ಟು ಮಾಡಿ:

1. ಔಷಧದ ಹೆಸರು, ಕೊಟ್ಟ ತಾರೀಖು, ಕ್ಯಾನ್ಸರ್ ವೈದ್ಯರ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದು ರೋಗಿಯ ಜೇಬಿನಲ್ಲಿ ಇಡಿ. ಅದರ ಫೋಟೋ ಮನೆಯ ಎಲ್ಲರ ಮೊಬೈಲಿನಲ್ಲೂ ಇರಲಿ.

2. ಎಲ್ಲಿಗೆ ಹೋದರೂ "ಕೀಮೋ" ಎನ್ನಬೇಡಿ. "ಇಮ್ಯುನೋಥೆರಪಿ ಆಗಿದೆ, ಪಿಡಿ-1 ಇಂಜೆಕ್ಷನ್" ಎಂದು ಹೇಳಿ.

3. ಮೊದಲ ಡೋಸ್‌ಗೆ ಮುಂಚೆ ಇಸಿಜಿ ಮತ್ತು ಟ್ರೊಪೊನಿನ್ ಮಾಡಿಸಬಹುದೇ ಎಂದು ವೈದ್ಯರನ್ನು ಕೇಳಿ. ಆಮೇಲೆ ತೊಂದರೆ ಬಂದರೆ ಹೋಲಿಸಲು ಅನುಕೂಲ.

4. ಮೊದಲ ಮೂರು ತಿಂಗಳು ರೋಗಿ ಊರಿನಲ್ಲಿದ್ದರೆ ದಿನವೂ ಫೋನ್ ಮಾಡಿ. "ಹೇಗಿದ್ದೀರಿ" ಎಂದಷ್ಟೇ ಕೇಳಬೇಡಿ. "ಮೆಟ್ಟಿಲು ಹತ್ತಿದರೆ ಉಸಿರು ಹೇಗಿದೆ? ರಾತ್ರಿ ಮಲಗಲು ಆಯಿತೇ?" ಎಂದು ಕೇಳಿ. ವೀಡಿಯೋ ಕಾಲ್‌ನಲ್ಲಿ ರೆಪ್ಪೆ ನೋಡಿ.

5. ಮೇಲಿನ ಲಕ್ಷಣ ಕಂಡರೆ ಇಸಿಜಿ ಮತ್ತು ಟ್ರೊಪೊನಿನ್ ಸೌಲಭ್ಯ ಇರುವ ಆಸ್ಪತ್ರೆಗೆ ಅದೇ ದಿನ ಹೋಗಿ. ಬೆಳಗಾಗಲಿ ಎಂದು ಕಾಯಬೇಡಿ.

6. ನಿಮ್ಮಷ್ಟಕ್ಕೆ ಸ್ಟಿರಾಯ್ಡ್ ಶುರು ಮಾಡಬೇಡಿ, ವೈದ್ಯರು ಕೊಟ್ಟದ್ದನ್ನು ನಿಲ್ಲಿಸಲೂ ಬೇಡಿ. ಇಮ್ಯುನಿಟಿ ಹೆಚ್ಚಿಸುವ ಪುಡಿ, ಕಷಾಯ ಏನೇ ಕೊಡುವುದಿದ್ದರೂ ಮೊದಲು ಕ್ಯಾನ್ಸರ್ ವೈದ್ಯರಿಗೆ ತಿಳಿಸಿ.

7. ಮೊದಲೇ ಬೈಪಾಸ್, ಸ್ಟೆಂಟ್ ಆಗಿದ್ದರೆ ಮುಚ್ಚಿಡಬೇಡಿ. ಹೃದ್ರೋಗ ಇದ್ದವರಿಗೂ ಈ ಚಿಕಿತ್ಸೆ ಕೊಡಬಹುದು. ಕ್ಯಾನ್ಸರ್ ವೈದ್ಯರು ಮತ್ತು ಹೃದ್ರೋಗ ವೈದ್ಯರು ಮಾತಾಡಿಕೊಂಡು ಕೊಡಬೇಕು, ಅಷ್ಟೇ.

ಕೀಲು, ಚರ್ಮ, ಥೈರಾಯ್ಡ್, ಶ್ವಾಸಕೋಶ, ಕರುಳಿನ ಮೇಲೂ ಈ ಔಷಧದ ಪರಿಣಾಮ ಆಗಬಹುದು. ದದ್ದು, ನಿಲ್ಲದ ಭೇದಿ, ಒಣ ಕೆಮ್ಮು ಬಂದರೂ ತಿಳಿಸಿ. ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಕೆಲವು ತೊಂದರೆ ಬರುತ್ತವೆ. ಚೀಟಿಯನ್ನು ಬೇಗ ಎಸೆಯಬೇಡಿ.

ಇಮ್ಯುನಿಟಿ ಎಂದರೆ ಬರೀ ಬಲವಲ್ಲ, ಹದ. ಅಡುಗೆಗೆ ಉಪ್ಪಿನ ಹಾಗೆ. ಬ್ರೇಕ್ ಬಿಡಿಸಿ ಜೀವ ಉಳಿಸುವ ವಿದ್ಯೆ ವೈದ್ಯರಿಗೆ ಈಗ ಬಂದಿದೆ. ಬ್ರೇಕ್ ಬಿಟ್ಟ ಗಾಡಿಯ ಮೇಲೆ ಕಣ್ಣಿಡುವ ಕೆಲಸ ಮನೆಯವರದು.

ನಿಮ್ಮ ಬಳಗದಲ್ಲಿ ಯಾರಿಗಾದರೂ ಇಮ್ಯುನೋಥೆರಪಿ ನಡೆಯುತ್ತಿದ್ದರೆ ಈ ಸಂದೇಶವನ್ನು ಅವರಿಗೆ, ಮುಖ್ಯವಾಗಿ ಊರಿನಲ್ಲಿ ಅವರನ್ನು ನೋಡಿಕೊಳ್ಳುವವರಿಗೆ ಕಳಿಸಿ. ಇದು ತಿಳಿವಳಿಕೆಗಾಗಿ ಬರೆದದ್ದು. ನಿಮ್ಮ ವೈದ್ಯರ ಸಲಹೆಗೆ ಇದು ಬದಲಿಯಲ್ಲ.

ಎಲ್ಲರೂ ಆರೋಗ್ಯವಾಗಿರಿ.
– ನಿಮ್ಮ ಹೃದ್ರೋಗ ವೈದ್ಯ, ಎಂ.ಡಿ.